ಮಧ್ಯಮ ಹಂತದ ಬ್ಯಾಲೆ: ಹೆಜ್ಜೆಗೆ ಭುಜ ಸೇರುವ ಕಾಲ

ನಮಸ್ಕಾರ. ನೀವೀಗ ನೋಡುತ್ತಿರುವುದು ಲಂಡನ್ನಿನಲ್ಲಿ ಸಂಜೆಯ ಹೊತ್ತು ವಯಸ್ಕರಿಗಾಗಿ ನಡೆಯುವ ಮಧ್ಯಮ ಹಂತದ ಬ್ಯಾಲೆ ತರಗತಿ. ಈ ಹಂತದಲ್ಲಿ ಹೊಸ ಹೆಜ್ಜೆಗಳೂ ಬರುತ್ತವೆ. ಆದರೆ ನಮ್ಮ ಶ್ರಮದ ಬಹುಪಾಲು ಹೋಗುವುದು ಪ್ರಾರಂಭದ ತರಗತಿಯಲ್ಲಿ ಕನ್ನಡಿಗೆ ನೇರವಾಗಿ ನಿಂತು ಕಲಿತ ಹೆಜ್ಜೆಗಳನ್ನೇ ಭುಜ, ಕತ್ತು, ದೃಷ್ಟಿಗಳೊಡನೆ ಮತ್ತೆ ಕಲಿಯುವುದಕ್ಕೆ. ಭುಜ ಮತ್ತು ತಲೆಯ ಈ ವಿನ್ಯಾಸವನ್ನು ಎಪೋಲ್ಮಾಂ ಎನ್ನುತ್ತಾರೆ. ತಂತ್ರ ಮೊದಲು, ಶೈಲಿ ಆಮೇಲೆ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಈಗ ಕಾಣುತ್ತಿರುವ ಭಂಗಿಯನ್ನು ಗಮನಿಸಿ. ಬಲಪಾದ ಮುಂದಿರುವ ಐದನೆಯ ಸ್ಥಾನದಲ್ಲಿ, ಅಂದರೆ ಹೊರಕ್ಕೆ ತಿರುಗಿದ ಪಾದಗಳನ್ನು ಒಂದರ ಮುಂದೊಂದು ಸೇರಿಸಿ ನಿಂತು, ದೇಹವನ್ನು ಎಡ ಮುಂಭಾಗದ ಮೂಲೆಯತ್ತ ತಿರುಗಿಸಿ, ಬಲಭುಜದ ಮೇಲಿಂದ ಪ್ರೇಕ್ಷಕರತ್ತ ನೋಡಿದರೆ ಅದು ಕ್ರುವಾಸೆ. ಕಾಲುಗಳು ಒಂದನ್ನೊಂದು ಹಾದುಹೋದಂತೆ ಕಾಣುತ್ತವೆ. ಅದೇ ಪಾದ ಮುಂದಿದ್ದು ದೇಹ ಬಲ ಮೂಲೆಯತ್ತ ತಿರುಗಿದರೆ ಕಾಲುಗಳು ತೆರೆದುಕೊಳ್ಳುತ್ತವೆ, ಅದು ಎಫಾಸೆ. ಇಲ್ಲಿ ಕಷ್ಟವಿರುವುದು ಸೊಂಟದ ಕೆಳಗಲ್ಲ. ಭುಜ ತಿರುಗುವಾಗ ಸೊಂಟವೂ ಅದರ ಹಿಂದೆಯೇ ತಿರುಗಿಬಿಡುತ್ತದೆ. ಸೊಂಟವನ್ನು ಕಾಲುಗಳ ಮೇಲೆಯೇ ನಿಲ್ಲಿಸಿಕೊಂಡು, ಬೆನ್ನಿನ ಮೇಲ್ಭಾಗವನ್ನು ಮಾತ್ರ ಹೊರಳಿಸುವುದಕ್ಕೆ ಬಹಳ ತಾಳ್ಮೆ ಬೇಕು.

ಒಂಟಿಕಾಲಿನ ಮೇಲೆ ಸುತ್ತುವ ಪಿರುವೆಟ್‌ಗೆ ಬರೋಣ, ಏಕೆಂದರೆ ತಂತ್ರ ಮತ್ತು ಶೈಲಿಗಳು ಎಷ್ಟು ಬೆಸೆದುಕೊಂಡಿವೆ ಎಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಪಾದಗಳು ಅಂತರ ಬಿಟ್ಟು ಒಂದರ ಮುಂದೊಂದು ಇರುವ ನಾಲ್ಕನೆಯ ಸ್ಥಾನದಲ್ಲಿ ಎರಡೂ ಮಂಡಿಗಳನ್ನು ಬಾಗಿಸಿ ಹೊರಡುವುದು ಹೆಚ್ಚಿನ ಶಾಲೆಗಳ ರೂಢಿ. ಅಮೆರಿಕದಲ್ಲಿ ನೆಲೆಸಿದ ನೃತ್ಯ ಸಂಯೋಜಕ ಜಾರ್ಜ್ ಬಾಲಂಚಿನ್ ಅವರ ಶೈಲಿಯಲ್ಲಾದರೋ ಹಿಂದಿನ ಕಾಲನ್ನು ನೇರವಾಗಿ ಚಾಚಿಯೇ ಹೊರಡುತ್ತಾರೆ. ಯಾವುದನ್ನು ಅನುಸರಿಸಿದರೂ ಆಧಾರದ ಕಾಲಿನ ಹಿಮ್ಮಡಿ ತಡಮಾಡದೆ ಮೇಲೇಳಬೇಕು, ಇನ್ನೊಂದು ಪಾದ ಕೂಡಲೇ ಮಂಡಿಯನ್ನು ಸೇರಬೇಕು, ತೋಳುಗಳು ಎದೆಯ ಮುಂದೆ ಬೇಗ ಕೂಡಬೇಕು. ಮುಖ ಕೊನೆಯ ಕ್ಷಣದವರೆಗೂ ಪ್ರೇಕ್ಷಕರತ್ತ ಉಳಿದು, ದೇಹಕ್ಕಿಂತ ಮೊದಲೇ ಸುತ್ತಿ ಅಲ್ಲಿಗೇ ಮರಳಬೇಕು. ತಿರುಗುವ ಆತುರದಲ್ಲಿ ತೋಳನ್ನು ದೂರ ಬೀಸಿ ವೇಗ ಪಡೆಯಲು ಹೋದರೆ ಬೆನ್ನು ವಾಲುತ್ತದೆ, ಎರಡನೆಯ ಸುತ್ತು ಕೈತಪ್ಪುತ್ತದೆ.

ಭರತನಾಟ್ಯ ಕಲಿತು ಬ್ಯಾಲೆಗೆ ಬರುವ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಅರೆಮಂಡಿ ನಮಗೆ ನೆಲೆನಿಲ್ಲುವ ಸ್ಥಾನ. ಪ್ಲಿಯೆ, ಅಂದರೆ ಬ್ಯಾಲೆಯಲ್ಲಿ ಮಂಡಿ ಬಾಗಿಸುವುದು, ಹಾದುಹೋಗುವ ಚಲನೆ. ಮಂಡಿಗಳು ಹೊರಕ್ಕೆ ತೆರೆದುಕೊಳ್ಳುವುದು ಎರಡರಲ್ಲಿಯೂ ಇದೆಯಾದರೂ, ಪ್ಲಿಯೆಯ ತಳದಲ್ಲಿ ತಂಗಿದರೆ ಜಿಗಿತಕ್ಕೆ ಬೇಕಾದ ಪುಟಿತ ಅಲ್ಲಿಯೇ ಆರಿಹೋಗುತ್ತದೆ.

ಶೈಲಿಗಳಿಗೆ ಅವುಗಳದೇ ಇತಿಹಾಸವಿದೆ. ಇಟಲಿಯ ಬ್ಯಾಲೆ ಗುರು ಎನ್ರಿಕೊ ಚೆಕೆಟ್ಟಿ ವಾರದ ಒಂದೊಂದು ದಿನಕ್ಕೂ ಪ್ರತ್ಯೇಕ ಪಾಠಕ್ರಮವನ್ನು ನಿಗದಿಪಡಿಸಿದ್ದರು. ಅವರ ಪದ್ಧತಿಯನ್ನು ಉಳಿಸಲೆಂದೇ 1922ರಲ್ಲಿ ಲಂಡನ್ನಿನಲ್ಲಿ ಚೆಕೆಟ್ಟಿ ಸೊಸೈಟಿ ಹುಟ್ಟಿತು. ರಷ್ಯಾದ ಬ್ಯಾಲೆ ಗುರು ಅಗ್ರಿಪ್ಪಿನಾ ವಾಗಾನೊವಾ ತಮ್ಮ ಬೋಧನೆಯನ್ನು ಪುಸ್ತಕವಾಗಿ ಪ್ರಕಟಿಸಿದ್ದು 1934ರಲ್ಲಿ. ಬಾಲಂಚಿನ್ ಅವರ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ನ್ಯೂಯಾರ್ಕಿನಲ್ಲಿ ಆರಂಭವಾದದ್ದೂ ಅದೇ ವರ್ಷ. ವಾಗಾನೊವಾ ಪದ್ಧತಿಯಲ್ಲಿ ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಅರಬೆಸ್ಕ್‌ಗಳು ನಾಲ್ಕು, ಚೆಕೆಟ್ಟಿಯಲ್ಲಿ ಐದು. ಆದ್ದರಿಂದ ಹೊಸ ತರಗತಿಯಲ್ಲಿ ಶಿಕ್ಷಕರು "ಮೂರನೆಯ ಅರಬೆಸ್ಕ್" ಎಂದಾಗ, ಯಾವ ಪದ್ಧತಿಯ ಮೂರನೆಯದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನನ್ನನ್ನು ಬಹುವಾಗಿ ಸೆಳೆದಿರುವುದು ಕೋಪನ್‌ಹೇಗನ್ನಿನ ಆಗಸ್ಟ್ ಬೂರ್ನೊನ್‌ವಿಲ್ ಅವರ ಶೈಲಿ. ಪ್ಯಾರಿಸ್ಸಿನಲ್ಲಿ ಆಗಸ್ಟ್ ವೆಸ್ಟ್ರಿಸ್ ಅವರ ಬಳಿ ಕಲಿತು ಬಂದ ಅವರು 1836ರಲ್ಲಿ ಸಂಯೋಜಿಸಿದ 'ಲಾ ಸಿಲ್ಫೀಡ್' ಇಂದಿಗೂ ರಂಗದ ಮೇಲಿದೆ. ಅವರ ಜಿಗಿತಗಳಲ್ಲಿ ತೋಳುಗಳು ಹೆಚ್ಚಾಗಿ ಕೆಳಗೇ ಶಾಂತವಾಗಿರುತ್ತವೆ. ಎತ್ತರಕ್ಕೆ ಬೇಕಾದ ಬಲವೆಲ್ಲ ಪ್ಲಿಯೆಯಿಂದಲೇ ಬರಬೇಕು, ಒಂದು ಜಿಗಿತ ನೆಲಕ್ಕಿಳಿಯುವುದೇ ಮುಂದಿನದರ ಹೊರಡುವಿಕೆಯಾಗಬೇಕು. ತೋಳು ಬೀಸಿ ಎತ್ತರ ಗಳಿಸುವ ಅಭ್ಯಾಸವಾದವರಿಗೆ ಇದು ಕಠಿಣ, ಆದರೆ ಪಾದದ ಕೆಲಸವನ್ನು ಇಷ್ಟು ಪ್ರಾಮಾಣಿಕವಾಗಿ ಕಲಿಸುವ ಮತ್ತೊಂದು ಅಭ್ಯಾಸವನ್ನು ನಾನು ಕಂಡಿಲ್ಲ.

ಮುಂದಿನ ದೃಶ್ಯದಲ್ಲಿ ಜಾರುವ ಹೆಜ್ಜೆಯಾದ ಗ್ಲಿಸಾಡ್ ಮತ್ತು ಒಂದು ಕಾಲಿನಿಂದ ಜಿಗಿದು ಎರಡೂ ಪಾದಗಳ ಮೇಲೆ ಇಳಿಯುವ ಅಸಾಂಬ್ಲೆಗಳನ್ನು ಜೋಡಿಸಿದ ಒಂದೇ ಸರಣಿಯನ್ನು ಮೊದಲು ತಲೆ, ಭುಜಗಳನ್ನು ಕದಲಿಸದೆ, ಅನಂತರ ಎಪೋಲ್ಮಾಂ ಸಹಿತ ಮಾಡಿದ್ದೇನೆ. ದಯವಿಟ್ಟು ಪಾದಗಳನ್ನು ಬಿಟ್ಟು ಕತ್ತನ್ನು ನೋಡಿ. ಪ್ರತಿ ಅಸಾಂಬ್ಲೆಯಲ್ಲಿ ಮುಂದಿನ ಪಾದ ಬದಲಾದಂತೆ ದೃಷ್ಟಿಯೂ ಬದಿ ಬದಲಿಸುತ್ತದೆ.