ಕ್ರಿಯಾಟಿನಿನ್ 1.2: ಯಾರಿಗೆ ಸರಿ, ಯಾರಿಗೆ ಎಚ್ಚರ?

ಕೇಳುಗರೆಲ್ಲರಿಗೂ ನಮಸ್ಕಾರ.

ಲ್ಯಾಬಿನಿಂದ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ. ದಪ್ಪ ಅಕ್ಷರ ಇಲ್ಲವೆಂದರೆ ಹಾಳೆ ಮಡಚಿ ಜೇಬಿಗೆ ಹಾಕುತ್ತೇವೆ. ಕಿಡ್ನಿಯ ವಿಷಯದಲ್ಲಿ ಮೋಸ ಹೋಗುವುದು ಅಲ್ಲಿಯೇ.

ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳಿಂದ ದಿನವೂ ಬರುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಕಳಿಸುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಗಂಡಸರಿಗೆ 0.7ರಿಂದ 1.3, ಹೆಂಗಸರಿಗೆ 0.6ರಿಂದ 1.1 ಮಿಲಿಗ್ರಾಂ ಇದ್ದರೆ ಸಾಮಾನ್ಯ ಎನ್ನುತ್ತಾರೆ. ಆದರೆ ಮೈಯಲ್ಲಿ ಸ್ನಾಯು ಎಷ್ಟಿದೆಯೋ ಕಸವೂ ಅಷ್ಟು. ರಾಯಚೂರಿನ ಗಂಜಿನಲ್ಲಿ ಚೀಲ ಹೊರುವ 25 ವರ್ಷದ ಹಮಾಲನಿಗೆ 1.2 ಬಂತೆನ್ನಿ. ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್ಆರ್, ಲೆಕ್ಕ ಹಾಕಿದರೆ ಸುಮಾರು 86. ಭಯವಿಲ್ಲ. ಅದೇ 1.2 ಅವನ ಮನೆಯ 65 ವರ್ಷದ ಅಜ್ಜಿಗೆ ಬಂದರೆ ಲೆಕ್ಕ 50ಕ್ಕೆ ಇಳಿಯುತ್ತದೆ. ಎಲ್ಲರಿಗೂ ಒಂದೇ ಮಿತಿ ಅಚ್ಚು ಹಾಕುವ ಲ್ಯಾಬಿನಲ್ಲಿ ಆಕೆಯ ಅಂಕಿಗೆ ಯಾವ ಗುರುತೂ ಬೀಳದೇ ಇರಬಹುದು. ಮೂರು ತಿಂಗಳು ಮೀರಿಯೂ ಇಜಿಎಫ್ಆರ್ 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ರಿಪೋರ್ಟಿನಲ್ಲಿ ಇಜಿಎಫ್ಆರ್ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ, ವಯಸ್ಸು ಹಾಕಿ ಲೆಕ್ಕ ಮಾಡಿಕೊಡುತ್ತಾರೆ.

ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೂ ಕ್ರಿಯಾಟಿನಿನ್ ಮಿತಿ ದಾಟದೇ ಇರಬಹುದು. ಹಾಗಾಗಿ ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ಮಾಡಿಸಬೇಕು. ಆಲ್ಬುಮಿನ್ ಎಂದರೆ ರಕ್ತದ ಒಂದು ಪ್ರೋಟೀನ್, ಕಿಡ್ನಿ ಕೆಟ್ಟರೆ ಮೂತ್ರಕ್ಕೆ ಸೋರುತ್ತದೆ. ಆ ಅನುಪಾತ 30ರ ಒಳಗಿರಬೇಕು.

ಕಿಡ್ನಿ ಸೋಸುವ ಇನ್ನೊಂದು ಕಸ ಯೂರಿಯಾ. ಅದನ್ನು ನೋಡುವಾಗ ಹೆಸರನ್ನೂ ನೋಡಿ. ಕೆಲವು ಲ್ಯಾಬು 'ಬ್ಲಡ್ ಯೂರಿಯಾ' ಎಂದು ಕೊಡುತ್ತವೆ, ಕೆಲವು 'ಬಿಯುಎನ್' ಎಂದು, ಅಂದರೆ ಯೂರಿಯಾದಲ್ಲಿರುವ ಸಾರಜನಕದ ತೂಕ ಮಾತ್ರ. ಬಿಯುಎನ್ 18 ಅಂದರೆ ಯೂರಿಯಾ 38ರಷ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಒಂದೇ ವಾರದಲ್ಲಿ ದುಪ್ಪಟ್ಟಾಯಿತೆಂದು ಗಾಬರಿಯಾಗಬೇಡಿ.

ನಮ್ಮ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದಿನವಿಡೀ ದುಡಿದು ನೀರು ಕಡಿಮೆ ಕುಡಿದವರಿಗೆ ಕ್ರಿಯಾಟಿನಿನ್‌ಗಿಂತ ಮೊದಲು ಯೂರಿಯಾ ಏರುತ್ತದೆ. ಅಂಥ ಹೊತ್ತಿನಲ್ಲಿ ಕಿಡ್ನಿ ತನ್ನ ರಕ್ತನಾಳ ಹಿಗ್ಗಿಸಿಕೊಂಡು ಹೇಗೋ ರಕ್ತ ತರಿಸಿಕೊಳ್ಳುತ್ತಿರುತ್ತದೆ. ಸಂಜೆ ಸೊಂಟನೋವಿಗೆಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳು ಆ ಹಿಗ್ಗುವಿಕೆಯನ್ನೇ ತಡೆಯುತ್ತವೆ. ಜೊತೆಗೆ ಕೆಲವು ಬಗೆಯ ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ದಯವಿಟ್ಟು ನೋವಿನ ಗುಳಿಗೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಕಿಡ್ನಿ ಹದದಲ್ಲಿಡುವ ಇನ್ನೊಂದು ಅಂಶ ಪೊಟ್ಯಾಸಿಯಂ. ರಕ್ತದಲ್ಲಿ ಅದು 3.5ರಿಂದ 5ರವರೆಗೆ ಇರಬೇಕು. ರಕ್ತ ತೆಗೆಯುವಾಗ ಕಷ್ಟವಾಗಿ ಕಣಗಳು ಒಡೆದರೆ, ಇಲ್ಲವೇ ಲ್ಯಾಬಿಗೆ ತಡವಾಗಿ ಮುಟ್ಟಿದರೆ, ಅದು ಸುಳ್ಳೇ ಏರಿದಂತೆ ಕಾಣುತ್ತದೆ. ಆದರೂ 6 ದಾಟಿದ್ದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಅಂದೇ ಆಸ್ಪತ್ರೆಗೆ ಹೋಗಿ ಮತ್ತೆ ಪರೀಕ್ಷೆ, ಇಸಿಜಿ ಮಾಡಿಸಬೇಕು.

ಇನ್ನು ಲಿವರ್. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು (ಎನ್ಜೈಮ್) ಇರುವುದು ಜೀವಕೋಶದ ಒಳಗೆ. ಕೋಶಕ್ಕೆ ಪೆಟ್ಟಾದರೆ ಹೊರಗೆ ಸೋರುತ್ತವೆ. ಸುಮಾರು 40ರ ಒಳಗಿದ್ದರೆ ಸರಿ. ಇವು ಹೇಳುವುದು ಪೆಟ್ಟನ್ನು, ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಕೆಲಸ ತಿಳಿಯಬೇಕಾದರೆ ಲಿವರ್ ತಯಾರಿಸುವ ಆಲ್ಬುಮಿನ್, ಕಾಮಾಲೆಯಲ್ಲಿ ಏರುವ ಹಳದಿ ಬಣ್ಣದ ಬಿಲಿರುಬಿನ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಾದ ಪಿಟಿ–ಐಎನ್ಆರ್ ನೋಡಬೇಕು. ಕಲುಷಿತ ನೀರಿನಿಂದ ಕಾಮಾಲೆ ಬಂದ ಹುಡುಗನಿಗೆ ಎಸ್‌ಜಿಪಿಟಿ 1000 ದಾಟಿದರೂ ಐಎನ್ಆರ್ ಸರಿಯಿದ್ದರೆ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತಾನೆ. ಹತ್ತಾರು ವರ್ಷ ಕುಡಿದವರಿಗೆ ಎಸ್‌ಜಿಪಿಟಿ ಬರೀ 35 ಇದ್ದು ರಕ್ತದ ಆಲ್ಬುಮಿನ್ ಕನಿಷ್ಠ 3.5 ಇರಬೇಕಾದ ಕಡೆ 2.6 ಇದ್ದರೆ, ಚಿಂತಿಸಬೇಕಾದದ್ದು ಇವರ ಬಗ್ಗೆ. ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಎರಡು ಪಟ್ಟು ಮೀರಿದ್ದರೆ ಕುಡಿತದ ಅನುಮಾನ ಬರುತ್ತದೆ. ಆದರೆ ಎಸ್‌ಜಿಒಟಿ ಸ್ನಾಯುವಿನಲ್ಲೂ ಇದೆ. ಭಾರ ಹೊತ್ತ ಮರುದಿನ ಅದು ಏರಿರಬಹುದು, ಅದನ್ನು ಡಾಕ್ಟರಿಗೆ ಹೇಳಿ.

ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಜೊತೆಗೆ ಸಕ್ಕರೆಯದೂ ಇದ್ದರೆ ಮಾತ್ರ ಕೇಳಿಕೊಂಡು ಹೋಗಿ. ನೀರು ಕುಡಿಯಬಹುದು. ಹಿಂದಿನ ರಾತ್ರಿ ಮಾಂಸದೂಟ ಬೇಡ, ಅದರಿಂದ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಆದಷ್ಟೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಾರೀಖಿನಂತೆ ಜೋಡಿಸಿ, ನುಂಗುವ ಎಲ್ಲ ಗುಳಿಗೆಗಳ ಪಟ್ಟಿಯನ್ನು, ನೋವಿನ ಗುಳಿಗೆಯ ಖಾಲಿ ಹಾಳೆಯನ್ನೂ ಸೇರಿಸಿ, ಒಂದೇ ಚೀಲದಲ್ಲಿ ಒಯ್ಯಿರಿ.