ಹತ್ತು ಖಾನೆ ಇದೆ ಅಂತ ಹತ್ತನ್ನೂ ತುಂಬಬೇಕಾ?

ನಮಸ್ಕಾರ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕೋ ಮಕ್ಕಳಿರೋ ಮನೆಗಳಲ್ಲಿ ಒಂದು ಜಗಳ ಖಾಯಂ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಪಠ್ಯೇತರ ಚಟುವಟಿಕೆಗೆ ಹತ್ತು ಖಾನೆ. ಮಗಳು ಆರು ತುಂಬಿ ಕೈ ತೊಳ್ಕೊಂಡಿದಾಳೆ. 'ಇನ್ನೂ ನಾಲ್ಕು ಖಾಲಿ ಇದೆಯಲ್ಲ' ಅಂತ ಅಪ್ಪ. ಆಮೇಲೆ ಶುರು ಹುಡುಕಾಟ. ಒಂಬತ್ತನೇ ಕ್ಲಾಸಲ್ಲಿ ಎರಡು ಸಲ ಹೋಗಿ ಬಿಟ್ಟ ಚೆಸ್ ಕ್ಲಬ್ಬು, ಸ್ನೇಹಿತೆ ಎಳ್ಕೊಂಡು ಹೋದಳು ಅಂತ ಒಂದು ಶನಿವಾರ ಕಸ ಹೆಕ್ಕಿದ್ದು, ಎಲ್ಲಾ ಹೊರಗೆ ಬರತ್ತೆ.

ನನ್ನ ಕೇಳಿದ್ರೆ ಆ ನಾಲ್ಕು ಖಾನೆ ಖಾಲಿ ಬಿಡಿ. ಅರ್ಜಿಯಲ್ಲಿರೋದೇ 'ಹತ್ತರವರೆಗೆ' ಅಂತ. ಎಮ್‌ಐಟಿ ಕಾಮನ್ ಆ್ಯಪ್ ಬಳಸೋದೇ ಇಲ್ಲ, ತನ್ನದೇ ಅರ್ಜಿ ಇಟ್ಕೊಂಡಿದೆ, ಅಲ್ಲಿ ಕೇಳೋದು ನಾಲ್ಕೇ ಚಟುವಟಿಕೆ. ಅಷ್ಟು ಕಷ್ಟದ ಕಾಲೇಜಿಗೇ ನಾಲ್ಕು ಸಾಕಾಗತ್ತೆ ಅಂದ್ಮೇಲೆ ನಿಮ್ಮ ಏಳನೆಯದ್ದು, ಎಂಟನೆಯದ್ದು ಯಾರಿಗೋಸ್ಕರ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಇದಕ್ಕೆ ಉಲ್ಟಾ, ಇಪ್ಪತ್ತು ಜಾಗ ಕೊಡ್ತಾರೆ. ಆದ್ರೆ ಆ ಇಪ್ಪತ್ತರೊಳಗೇ ಬಹುಮಾನ, ನೌಕರಿ, ಸ್ವಯಂಸೇವೆ ಎಲ್ಲ ಸೇರಬೇಕು.

ಸರಿ, ಏನು ಹಾಕೋದು? ಇಲ್ಲಿ ನನಗೆ ನಿಜವಾಗಲೂ ಬೇಜಾರಾಗೋ ವಿಷಯ ಒಂದಿದೆ. ತುಂಬಾ ಮಕ್ಕಳು ತಾವು ಮಾಡಿರೋ ದೊಡ್ಡ ಕೆಲಸವನ್ನೇ ಬರೆಯಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗ್ತಾರೆ ಅಂದ್ಕೊಳ್ಳಿ. ಸ್ಕೂಲ್ ಬಿಟ್ಟ ತಕ್ಷಣ ಮನೆಗೆ ಬಂದು ತಮ್ಮನಿಗೆ ಊಟ ಹಾಕಿ, ಹೋಮ್‌ವರ್ಕ್ ಮಾಡಿಸಿ, ಅಜ್ಜಿಗೆ ಮಾತ್ರೆ ಕೊಡೋ ಹುಡುಗ ಇದಾನೆ. ಮೂರು ಗಂಟೆಯಿಂದ ಆರೂವರೆ ತನಕ, ವಾರಕ್ಕೆ ಐದು ದಿನ. ಹದಿನೇಳು ಗಂಟೆ ಮೇಲಾಯ್ತು. ಯಾವ ಡಿಬೇಟ್ ಕ್ಲಬ್ಬೂ ಅಷ್ಟು ಹೊತ್ತು ಕೇಳಲ್ಲ. 'ಚಟುವಟಿಕೆ ಏನೂ ಇಲ್ಲ ನಂಗೆ, ಟೈಮೇ ಸಿಗಲಿಲ್ಲ' ಅಂತಾನೆ ಅವನು! ಅಲ್ಲಪ್ಪಾ, ಕಾಮನ್ ಆ್ಯಪ್‌ನ ಪಟ್ಟಿಯಲ್ಲಿ ಮನೆಯ ಜವಾಬ್ದಾರಿ ಅನ್ನೋದೇ ಒಂದು ವಿಭಾಗ. ಸಂಬಳದ ಕೆಲಸ ಇನ್ನೊಂದು ವಿಭಾಗ. ಅಂಗಡಿಯಲ್ಲಿ ಬಿಲ್ ಹಾಕಿದ್ದು, ಹೋಟೆಲಲ್ಲಿ ಟೇಬಲ್ ಒರೆಸಿದ್ದು, ಎಲ್ಲಾ ಅಲ್ಲಿಗೆ ಸಲ್ಲತ್ತೆ. ಚಟುವಟಿಕೆಗಳನ್ನ ನಿಮಗೆ ಎಷ್ಟು ಮುಖ್ಯವೋ ಆ ಕ್ರಮದಲ್ಲಿ ಬರೀರಿ ಅಂತಾರಲ್ಲ, ಅವನು ಇದನ್ನ ಒಂದನೇ ಖಾನೆಗೇ ಹಾಕಬೇಕು.

ಇನ್ನು ಗಂಟೆ ಲೆಕ್ಕ. ಪ್ರತಿ ಚಟುವಟಿಕೆಗೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಕೇಳ್ತಾರೆ. ಅಲ್ಲೇ ಜನ ಸಿಕ್ಕಿಹಾಕ್ಕೊಳ್ಳೋದು. ವಾರಕ್ಕೆ ಇರೋದು 168 ಗಂಟೆ. ಸ್ಕೂಲಿಗೆ 35, ನಿದ್ದೆಗೆ ಕಮ್ಮಿ ಅಂದ್ರೂ 49, ಹೋಮ್‌ವರ್ಕಿಗೆ 15 ತೆಗೀರಿ. ಉಳಿದಿದ್ದು 69, ಅದರಲ್ಲೇ ತಿನ್ನಬೇಕು, ಸ್ನಾನ ಮಾಡಬೇಕು, ಓಡಾಡಬೇಕು. ಸ್ಕೂಲ್ ನಡೆಯೋ ವಾರಗಳಲ್ಲೇ 65 ಗಂಟೆ ಚಟುವಟಿಕೆ ಅಂತ ತೋರಿಸಿದ್ರೆ, ಅರ್ಜಿ ಓದೋ ಕಾಲೇಜಿನವರು ಆ ಒಂದು ಸಾಲನ್ನಷ್ಟೇ ಅನುಮಾನಿಸಲ್ಲ, ಇಡೀ ಅರ್ಜಿಯನ್ನೇ ಅನುಮಾನಿಸ್ತಾರೆ. ಬೇಸಿಗೆ ರಜೆಯಲ್ಲಿ ಎಂಟು ವಾರ, ವಾರಕ್ಕೆ 30 ಗಂಟೆ ದುಡಿದ್ರಾ? ಹಾಗೇ ಬರೀರಿ, ರಜೆ ಅನ್ನೋದನ್ನ ಟಿಕ್ ಮಾಡಿ. ಅದನ್ನ ವರ್ಷಪೂರ್ತಿ ಎಳೀಬೇಡಿ.

ವಿವರಣೆಗೆ ಸಿಗೋದು 150 ಅಕ್ಷರ. ಸ್ಪೇಸ್ ಕೂಡ ಲೆಕ್ಕಕ್ಕೆ ಬರತ್ತೆ. ಹೆಚ್ಚಿನವರು ಬರೆಯೋದು ಹೀಗೆ: 'ಶಾಲಾ ಪತ್ರಿಕೆಯ ಸಂಪಾದಕನಾಗಿ ಜವಾಬ್ದಾರಿ ನಿರ್ವಹಿಸಿ ನಾಯಕತ್ವದ ಗುಣ ಬೆಳೆಸಿಕೊಂಡೆ.' ಸಂಪಾದಕ ಅನ್ನೋದಕ್ಕೆ ಹುದ್ದೆಯ ಜಾಗ ಬೇರೆ ಇದೆ, 50 ಅಕ್ಷರದ್ದು. ನಾಯಕತ್ವದ ಗುಣ ಬೆಳೀತಾ, ಇಲ್ವಾ ಅಂತ ಯಾರಿಗೆ ಗೊತ್ತು? ಈಗ ಇದನ್ನ ನೋಡಿ: 'ನಿಂತುಹೋಗಿದ್ದ ಪತ್ರಿಕೆ ಮತ್ತೆ ಶುರು ಮಾಡಿದೆ, ಐದು ಸಂಚಿಕೆ ತಂದೆ, ಪುಟ ವಿನ್ಯಾಸ ಇಬ್ಬರು ಜೂನಿಯರ್‌ಗಳಿಗೆ ಕಲಿಸಿದೆ.' ಅದೇ ಹುಡುಗ, ಅದೇ ಪತ್ರಿಕೆ. ಹೀಗೆ ಬಿಡಿಸಿ ಹೇಳೋಕೆ ಏನೂ ಸಿಗದ ಚಟುವಟಿಕೆ, ಅಂದ್ರೆ ಬರೀ 'ಸದಸ್ಯ' ಅಂತ ಇರೋದು, ಹೊಡೆದುಹಾಕಿ.

ಅರ್ಜಿಗೋಸ್ಕರ ಹನ್ನೊಂದನೇ ಕ್ಲಾಸಲ್ಲಿ ಹುಟ್ಟಿ, ಅಡ್ಮಿಶನ್ ಪತ್ರ ಬಂದ ವಾರ ಸತ್ತುಹೋಗೋ ಎನ್‌ಜಿಒಗಳ ಬಗ್ಗೆ ಮಾತಾಡಿದ್ರೆ ಬಿಪಿ ಏರತ್ತೆ, ಬಿಡಿ. ಸುಳ್ಳಿನ ಬಗ್ಗೆ ಮಾತ್ರ ಒಂದು ಮಾತು. 2019ರ ಮಾರ್ಚ್‌ನಲ್ಲಿ ಹೊರಬಿದ್ದ ಅಮೆರಿಕದ ಕಾಲೇಜು ಅಡ್ಮಿಶನ್ ಹಗರಣ ನೆನಪಿರಬಹುದು. ಆಡದೇ ಇರೋ ಆಟಕ್ಕೆ ಮಕ್ಕಳನ್ನ ಆಟಗಾರರು ಅಂತ ತೋರಿಸಿ, ಕೋಚ್‌ಗಳಿಗೆ ದುಡ್ಡು ತಿನ್ನಿಸಿದ್ರು. ದೋಣಿ ನಡೆಸದ ಮಕ್ಕಳನ್ನ ರೋಯಿಂಗ್ ಮಷೀನ್ ಮೇಲೆ ಕೂರಿಸಿ ಫೋಟೋ ತೆಗೆಸಿದ್ದೂ ಉಂಟು. ಅಪ್ಪ ಅಮ್ಮಂದಿರು ಜೈಲಿಗೆ ಹೋದ್ರು. ನಿಮ್ಮದು ಅಷ್ಟು ದೊಡ್ಡ ಸುಳ್ಳಲ್ಲ, ಗೊತ್ತು. ಆದ್ರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೆಲವು ಅರ್ಜಿಗಳನ್ನ ಸುಮ್ಮನೆ ಚೀಟಿ ಎತ್ತಿದ ಹಾಗೆ ಆರಿಸಿ ದಾಖಲೆ ತೋರಿಸಿ ಅನ್ನತ್ತೆ. ಆಗ ಎರಡು ಸಲ ಹೋದ ಚೆಸ್ ಕ್ಲಬ್ಬಿಗೆ ಯಾರ ಹತ್ರ ಪತ್ರ ತರ್ತೀರಿ?

ಮಧ್ಯದಲ್ಲಿ ಬಿಟ್ಟಿದ್ದನ್ನ ಹಾಕಬಹುದಾ ಅಂತ ಕೇಳ್ತಾರೆ. ಒಂಬತ್ತು, ಹತ್ತು ಎರಡೂ ವರ್ಷ ದಿನಾ ಈಜಿ, ಆಮೇಲೆ ಭುಜ ಕೈಕೊಟ್ಟು ಬಿಟ್ಟಿದ್ರೆ ಹಾಕಿ. ಯಾವ ಯಾವ ಕ್ಲಾಸಲ್ಲಿ ಮಾಡಿದ್ರಿ ಅಂತ ಗುರುತು ಹಾಕೋಕೆ ಅರ್ಜಿಯಲ್ಲೇ ಜಾಗ ಇದೆ, ಹತ್ತಕ್ಕೆ ನಿಲ್ಲಿಸಿ. ನಾಚಿಕೆ ಪಡೋದು ಏನಿದೆ ಅದರಲ್ಲಿ? ಇಷ್ಟಕ್ಕೂ ಅಪ್ಪ ಒಪ್ಪದಿದ್ರೆ, ಉಳಿದ ಆ ನಾಲ್ಕು ಖಾನೆಯ ಮುಂದೆ ಅವರನ್ನೇ ಕೂರಿಸಿ, 'ನೀವೇ ಹೇಳಿ, ನಾನು ಏನು ಮಾಡಿದೀನಿ' ಅಂತ ಕೇಳಿ.