ಕಡಲಂಚಿನ ಜೌಗಿನಲ್ಲಿ ಬೇಸಾಯ ಮಾಡುವ ಬಸವನಹುಳು

[ದೃಶ್ಯ: ಡ್ರೋನ್ ಶಾಟ್. ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು. ನಡುವೆ ಅಂಕುಡೊಂಕಾದ ನೀರಿನ ಕಾಲುವೆಗಳು.]

ನಮಸ್ಕಾರ. ಈ ಚಿತ್ರ ನೋಡಿದರೆ ಯಾರಿಗಾದರೂ ವಾಲ್‌ಪೇಪರ್ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಹಸಿರು, ನೀರು, ಆಕಾಶ. ಮುಗಿಯಿತು. ಆದರೆ ಕ್ಯಾಮೆರಾ ಸ್ವಲ್ಪ ಕೆಳಗೆ ಇಳಿಸೋಣ.

[ದೃಶ್ಯ: ಹುಲ್ಲಿನ ದಂಟು, ತೀರಾ ಹತ್ತಿರದಿಂದ. ಅದಕ್ಕೆ ಅಂಟಿಕೊಂಡ ಬಸವನಹುಳುಗಳು.]

ಇವು ಬಸವನಹುಳುಗಳು. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಕಡಲ ನೀರು ಏರುತ್ತಿದ್ದಂತೆ ಇವು ಹುಲ್ಲು ಹತ್ತುತ್ತವೆ. ನೀರು ಇಳಿದ ಮೇಲೆ ಮತ್ತೆ ಕೆಳಗೆ ಬರುತ್ತವೆ. ಕಡಲ ಬಸವನಹುಳು ಕಡಲು ಬಂದ ಕೂಡಲೇ ಯಾಕೆ ಓಡಿಹೋಗಬೇಕು? ಮೇಲೆ ಹತ್ತಿ ಕುಳಿತು ಅದು ಮಾಡುವುದಾದರೂ ಏನು? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ಇಡೀ ಜೌಗಿನ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಮೊದಲು ಬೇಸಿಕ್ಸ್, ಬೇಗ ಬೇಗ. ಅಲೆಗಳ ಹೊಡೆತ ಕಡಿಮೆ ಇರುವ ಕಡೆ, ಅಂದರೆ ನದಿ ಕಡಲು ಸೇರುವಲ್ಲಿ, ದ್ವೀಪಗಳ ಮರೆಯಲ್ಲಿ, ನೀರು ತಂದ ಹೂಳು ತಳಕ್ಕೆ ಕೂರುತ್ತದೆ. ಅದರಲ್ಲಿ ಉಪ್ಪು ತಾಳಬಲ್ಲ ಹುಲ್ಲು ಬೇರು ಬಿಡುತ್ತದೆ. ಹುಲ್ಲು ನೀರಿನ ಓಟ ತಗ್ಗಿಸುತ್ತದೆ, ಇನ್ನಷ್ಟು ಹೂಳು ಕೂರುತ್ತದೆ, ನೆಲ ಏರುತ್ತದೆ. ಇದೇ ಉಪ್ಪು ಜೌಗು. ಬಿಸಿ ನಾಡುಗಳಲ್ಲಿ ಇಂಥ ಜಾಗ ಹೆಚ್ಚಾಗಿ ಕಾಂಡ್ಲಾ ಕಾಡಿನ ಪಾಲು. ಚಳಿ ಬೀಳುವ ಕರಾವಳಿಗಳಲ್ಲಿ ಹುಲ್ಲಿನದ್ದೇ ಕಾರುಬಾರು. ಬಹಳ ಕಡೆ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅದರ ಎತ್ತರ ಜಾಸ್ತಿ.

ನಾವು ನೋಡುತ್ತಿರುವ ಹುಲ್ಲಿನ ಹೆಸರು ಸ್ಪಾರ್ಟಿನಾ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಇದು ಎಲ್ಲಿ ನೋಡಿದರೂ ಕಾಣುತ್ತದೆ. ಇದರ ಎಲೆಯಲ್ಲಿ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ಬಿಸಿಲಿನ ದಿನ ಎಲೆ ಮೇಲೆ ಉಪ್ಪಿನ ಹರಳು ಮಿನುಗುವುದು ಬರಿಗಣ್ಣಿಗೇ ಕಾಣುತ್ತದೆ. ಕೆಳಗಿನ ಕೆಸರಿನಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎನ್ನಬಹುದು. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ಅಂಥ ಕಡೆ ಬೇರು ಉಸಿರಾಡಲು ಹುಲ್ಲು ತನ್ನ ದಂಟಿನೊಳಗಿನ ಟೊಳ್ಳು ದಾರಿಗಳಲ್ಲಿ ಗಾಳಿಯನ್ನು ಕೆಳಗೆ ಕಳಿಸುತ್ತದೆ.

ಸರಿ, ಬಸವನಹುಳುವಿನ ಹತ್ತಿರ ಹೋಗೋಣ.

[ದೃಶ್ಯ: ಏರುತ್ತಿರುವ ನೀರು. ಕಾಲುವೆಯಿಂದ ಹುಲ್ಲಿನೊಳಗೆ ನುಗ್ಗುವ ನೀಲಿ ಏಡಿ.]

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಉಬ್ಬರದ ನೀರಿನ ಜೊತೆ ನೀಲಿ ಏಡಿ ಬರುತ್ತದೆ. ಅದರ ಚಿಮುಟದಂಥ ಕೊಂಡಿಗೆ ಬಸವನಹುಳುವಿನ ಚಿಪ್ಪು ಒಂದು ಲೆಕ್ಕವೇ ಅಲ್ಲ. ಹಾಗಾಗಿ ನೀರು ಬಂದರೆ ಮೇಲೆ ಹತ್ತು, ಜೀವ ಉಳಿಸಿಕೋ. ಇಷ್ಟೇ.

ಎರಡನೆಯ ಪ್ರಶ್ನೆಯೇ ನನ್ನ ನಿದ್ದೆ ಕೆಡಿಸಿದ್ದು. ಬಹಳ ಕಾಲ ವಿಜ್ಞಾನಿಗಳು ಅಂದುಕೊಂಡಿದ್ದೇನೆಂದರೆ, ಈ ಹುಳು ಸತ್ತ, ಒಣಗಿದ ಹುಲ್ಲು ತಿಂದುಕೊಂಡು ಸುಮ್ನೆ ತನ್ನ ಪಾಡಿಗೆ ತಾನಿರುವ ಪ್ರಾಣಿ. ಹಸಿರು ಹುಲ್ಲಿಗೆ ಇದರಿಂದ ಏನೂ ತೊಂದರೆ ಇಲ್ಲ. ಜಾರ್ಜಿಯಾ ರಾಜ್ಯದ ಸಪೆಲೋ ದ್ವೀಪದಲ್ಲಿ 1953ರಿಂದ ಒಂದು ಸಂಶೋಧನಾ ಕೇಂದ್ರ ಇದೆ. ಜೌಗಿನ ವಿಜ್ಞಾನದಲ್ಲಿ ದೊಡ್ಡ ಹೆಸರು. ಅಂಥ ಕಡೆಯೂ ಎಷ್ಟೋ ವರ್ಷ ಈ ಹುಳುವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

2003ರಲ್ಲಿ ಬ್ರಯಾನ್ ಸಿಲ್ಲಿಮನ್ ಮತ್ತು ಸ್ಟೀವನ್ ನ್ಯೂವೆಲ್ ಒಂದು ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ ಈ ಬಸವನಹುಳು ರೈತ.

ಹೌದು, ರೈತ. ಹಂತಹಂತವಾಗಿ ನೋಡಿ. ಹುಳುವಿನ ನಾಲಿಗೆಯಲ್ಲಿ ಸಾಲು ಸಾಲು ಸಣ್ಣ ಹಲ್ಲುಗಳಿವೆ. ಅದರಿಂದ ಹಸಿರು ಎಲೆಯ ಉದ್ದಕ್ಕೂ ಕೆರೆದು ಗಾಯ ಮಾಡುತ್ತದೆ. ಇದು ಉಳುಮೆ. ಗಮನಿಸಿ, ಕೆರೆಯುವುದು ಮುಖ್ಯವಾಗಿ ಎಲೆ ತಿನ್ನುವುದಕ್ಕಲ್ಲ. ಆಮೇಲೆ ಆ ಗಾಯದ ಮೇಲೆ ಹಿಕ್ಕೆ ಹಾಕುತ್ತದೆ. ಅದರಲ್ಲಿ ಸಾರಜನಕ ಇದೆ, ಅದು ಗೊಬ್ಬರ. ಅದೇ ಹಿಕ್ಕೆಯಲ್ಲಿ ಬೂಷ್ಟಿನ ಎಳೆಗಳೂ ಇವೆ, ಅಂದರೆ ಬಿತ್ತನೆಯೂ ಆಯಿತು. ಗೊಬ್ಬರ ಮತ್ತು ಬೀಜ ಒಂದೇ ಪ್ಯಾಕೆಟ್‌ನಲ್ಲಿ! ಯಾವ ಕೃಷಿ ಮೇಳದಲ್ಲಿ ಸಿಗುತ್ತದೆ ಹೇಳಿ? ಗಾಯದೊಳಗೆ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ. ಹುಳು ಹಿಂದಿರುಗಿ ಬಂದು ಅದನ್ನು ಕೆರೆದು ತಿನ್ನುತ್ತದೆ. ಕೊಯ್ಲು. ಸಾಲ ಇಲ್ಲ, ಸಬ್ಸಿಡಿ ಇಲ್ಲ, ದಲ್ಲಾಳಿ ಮೊದಲೇ ಇಲ್ಲ.

[ದೃಶ್ಯ: ಎಲೆಯ ಮೇಲಿನ ಉದ್ದನೆಯ ಗೀರುಗಳು. ಗೀರಿನ ಅಂಚು ಕಂದು ಬಣ್ಣಕ್ಕೆ ತಿರುಗಿದೆ.]

ಕೆಲವು ಇರುವೆ, ಗೆದ್ದಲು, ಜೀರುಂಡೆಗಳು ಬೂಷ್ಟು ಬೆಳೆಸುವುದು ಮೊದಲೇ ಗೊತ್ತಿತ್ತು. ಆದರೆ ಅವೆಲ್ಲ ಕೀಟಗಳು. ಕೀಟವಲ್ಲದ ಪ್ರಾಣಿ, ಅದೂ ಕಡಲಿನ ಪ್ರಾಣಿ, ಇಂಥ ಕೆಲಸ ಮಾಡುತ್ತದೆ ಎಂದು ಯಾರೂ ಊಹಿಸಿರಲಿಲ್ಲ. ಈ ಹುಳುವಿಗೆ ಹೇಳಿಕೊಳ್ಳುವಂಥ ಮೆದುಳೂ ಇಲ್ಲ. ಗೂಡಿಲ್ಲ, ಗುಂಪಿಲ್ಲ, ರಾಣಿ ಇಲ್ಲ. ಇರುವೆಗಳು ಬೂಷ್ಟನ್ನು ನೆಲದಡಿ ಬೆಚ್ಚಗೆ ಜೋಪಾನ ಮಾಡುತ್ತವೆ, ಕಳೆ ಕೀಳುತ್ತವೆ. ನಮ್ಮ ಹುಳುವಿನದು ಅಷ್ಟೆಲ್ಲ ಇಲ್ಲ. ಗೀರು, ಹಾಕು, ತಿನ್ನು. ನನಗಂತೂ ಈ ಸೋಮಾರಿ ಬೇಸಾಯವೇ ಹೆಚ್ಚು ಇಷ್ಟ.

ಆದರೆ ಹುಲ್ಲಿನ ಕಡೆಯಿಂದ ಯೋಚಿಸಿ. ಮೈಗೆ ಗಾಯ, ಗಾಯಕ್ಕೆ ಬೂಷ್ಟು. ಒಂದೆರಡು ಹುಳು ಇದ್ದರೆ ಹುಲ್ಲು ತಡೆದುಕೊಳ್ಳುತ್ತದೆ. ಜಾಸ್ತಿ ಆದರೆ? ಇದನ್ನೂ ಪರೀಕ್ಷಿಸಿದ್ದಾರೆ. 2002ರಲ್ಲಿ ಸಿಲ್ಲಿಮನ್ ಮತ್ತು ಮಾರ್ಕ್ ಬರ್ಟ್‌ನೆಸ್ ಪ್ರಕಟಿಸಿದ ಪ್ರಯೋಗದಲ್ಲಿ ಜೌಗಿನ ಸಣ್ಣ ತುಂಡುಗಳಿಗೆ ಬೇಲಿ ಹಾಕಿ, ಒಳಗೆ ಹುಳುಗಳ ಸಂಖ್ಯೆ ಹೆಚ್ಚಿಸಿದರು. ಎಂಟು ತಿಂಗಳೊಳಗೆ ಹುಲ್ಲು ಮಾಯ. ಉಳಿದದ್ದು ಬರೀ ಕೆಸರು.

ಈಗ ಆ ವಾಲ್‌ಪೇಪರನ್ನು ಇನ್ನೊಮ್ಮೆ ನೋಡಿ. ಆ ಹಸಿರು ಸುಮ್ನೆ ನಿಂತಿಲ್ಲ. ಹುಳುಗಳನ್ನು ತಿನ್ನುವ ಏಡಿ ಇದೆ, ಅದಕ್ಕೇ ಹುಲ್ಲು ಇದೆ. ಡೈಮಂಡ್‌ಬ್ಯಾಕ್ ಟೆರಾಪಿನ್ ಎಂಬ ಆಮೆ ಕೂಡ ಇವನ್ನೇ ತಿನ್ನುತ್ತದೆ. ಬಲು ಜಾಣ ಆಮೆ. ಮಳೆ ಬಂದಾಗ ಉಪ್ಪುನೀರಿನ ಮೇಲೆ ತೆಳುವಾಗಿ ನಿಲ್ಲುವ ಸಿಹಿನೀರಿನ ಪದರವನ್ನಷ್ಟೇ ಹೀರಿ ಕುಡಿಯುತ್ತದೆ. ಇಷ್ಟು ಜಾಣ ಆಮೆಯನ್ನು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸಿರಿವಂತರು ಸೂಪ್ ಮಾಡಿಕೊಂಡು ಕುಡಿದು ಹೆಚ್ಚುಕಡಿಮೆ ಖಾಲಿ ಮಾಡಿದ್ದರು. ಈಗ ಏಡಿ ಹಿಡಿಯಲು ನೀರಿನಲ್ಲಿ ಇಳಿಬಿಡುವ ಬೋನುಗಳಿಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತವೆ. ಅಂದರೆ ಒಂದೇ ಬೋನಿನಲ್ಲಿ ಹುಲ್ಲಿನ ಇಬ್ಬರು ಕಾವಲುಗಾರರನ್ನೂ ಎತ್ತಿಕೊಂಡು ಹೋಗುತ್ತಿದ್ದೇವೆ. ಏಡಿ ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಆಮೆ ಒಳಗೆ ನುಸುಳದಂತೆ ಬೋನಿನ ಬಾಯಿಗೆ ಚಿಕ್ಕ ಚೌಕಟ್ಟು ಕೂರಿಸಬಹುದು, ಅಂಥವು ಬಳಕೆಯಲ್ಲೂ ಇವೆ. ಎಲ್ಲ ಬೋನಿಗೂ ಯಾಕೆ ಹಾಕುವುದಿಲ್ಲ ಅನ್ನುವುದು ನನ್ನ ತಕರಾರು.

ಒಂದು ಮಾತು ಮಾತ್ರ ಹೇಳಲೇಬೇಕು. ಎಲ್ಲ ತಪ್ಪನ್ನೂ ಹುಳುವಿನ ಮೇಲೆ ಹಾಕುವ ಹಾಗಿಲ್ಲ. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ 2000ದ ಆಸುಪಾಸು ಜೌಗಿನ ಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಿತು. ಅಲ್ಲಿ ಮೊದಲ ಏಟು ಕೊಟ್ಟದ್ದು ಬರಗಾಲ. ಸೊರಗಿದ ಹುಲ್ಲಿನ ಮೇಲೆ ಹುಳುಗಳು ದಂಡು ಕಟ್ಟಿ ಮುನ್ನುಗ್ಗಿದವು.

[ದೃಶ್ಯ: ಪ್ರೆಸೆಂಟರ್ ಗಡಿಯಾರ ನೋಡುತ್ತಾರೆ.]

ಅಯ್ಯೋ, ಅರ್ಧಕ್ಕಿಂತ ಜಾಸ್ತಿ ಟೈಮ್ ಹುಳುವೇ ತಿಂದುಹಾಕಿತು. ಉಳಿದವರನ್ನು ಬೇಗ ನೋಡಿಬಿಡೋಣ.

ಫಿಡ್ಲರ್ ಏಡಿ. ಗಂಡಿಗೆ ಒಂದು ಕೊಂಡಿ ದೊಡ್ಡದು, ಕೆಲವು ಜಾತಿಗಳಲ್ಲಿ ಮೈತೂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹೆಣ್ಣನ್ನು ಕರೆಯಲು, ಜಗಳಕ್ಕೆ ಅದು ಬೇಕು. ಊಟಕ್ಕೆ ಉಪಯೋಗವಿಲ್ಲ. ಹೆಣ್ಣು ಎರಡೂ ಕೈಯಲ್ಲಿ ತಿನ್ನುವಾಗ ಇವನು ಒಂದೇ ಕೈಯಲ್ಲಿ ತಿನ್ನುತ್ತಾನೆ. ಶೋಕಿಗೆ ಬೆಲೆ ಕೊಡಬೇಕಲ್ವಾ! ಇವು ತೋಡುವ ಬಿಲಗಳಿಂದ ಕೆಸರಿಗೆ ಗಾಳಿ ಹೋಗುತ್ತದೆ, ಹುಲ್ಲಿಗೆ ಒಳ್ಳೆಯದು.

ಸಾಲಿಕಾರ್ನಿಯಾ. ದಪ್ಪ ದಂಟಿನ, ಎಲೆಯೇ ಇಲ್ಲದಂತೆ ಕಾಣುವ ಗಿಡ. ಚಳಿಗಾಲಕ್ಕೆ ಮುಂಚೆ ಕೆಂಪಾಗುತ್ತದೆ. ಶರತ್ಕಾಲದ ಫೋಟೋಗಳಲ್ಲಿ ಜೌಗು ಕೆಂಪಗೆ ಕಂಡರೆ ಬಹುತೇಕ ಇದರದ್ದೇ ಕೆಲಸ. ಹಿಂದೆ ಯುರೋಪಿನಲ್ಲಿ ಇದನ್ನು ಸುಟ್ಟು, ಬೂದಿಯಿಂದ ಸೋಡಾ ತೆಗೆದು, ಗಾಜು ಮಾಡುತ್ತಿದ್ದರು.

ಸಾಲ್ಟ್‌ಮಾರ್ಷ್ ಗುಬ್ಬಿ. ಹುಲ್ಲಿನ ನಡುವೆ, ಉಬ್ಬರದ ಮಟ್ಟಕ್ಕಿಂತ ಒಂಚೂರು ಮೇಲೆ ಗೂಡು. ತಿಂಗಳ ಅತಿ ದೊಡ್ಡ ಉಬ್ಬರ ಕಳೆದ ಕೂಡಲೇ ಗೂಡು ಕಟ್ಟಿ ಮೊಟ್ಟೆಯಿಟ್ಟು, ಮುಂದಿನ ದೊಡ್ಡ ಉಬ್ಬರ ಬರುವಷ್ಟರಲ್ಲಿ ಮರಿಗಳು ಹೊರಬೀಳಬೇಕು. ಕಡಲ ಮಟ್ಟ ಏರುತ್ತಿರುವುದರಿಂದ ಈ ಲೆಕ್ಕ ತಪ್ಪುತ್ತಿದೆ. ಇದರ ಹತ್ತಿರದ ನೆಂಟ, ಫ್ಲಾರಿಡಾದ ಡಸ್ಕಿ ಸೀಸೈಡ್ ಗುಬ್ಬಿ, ಈಗ ಇಲ್ಲ. ಕೊನೆಯದು 1987ರಲ್ಲಿ ಸತ್ತಿತು. ಅದೂ ಎಲ್ಲಿ? ಡಿಸ್ನಿ ವರ್ಲ್ಡ್ ಒಳಗಿನ ಒಂದು ದ್ವೀಪದಲ್ಲಿ.

ಕೊನೆಗೆ ಮಮ್ಮಿಚೋಗ್. ಬೆರಳುದ್ದದ ಮೀನು. ದೊಡ್ಡ ಉಬ್ಬರದ ದಿನ ಹುಲ್ಲಿನ ಬುಡದಲ್ಲೋ ಖಾಲಿ ಚಿಪ್ಪಿನಲ್ಲೋ ಮೊಟ್ಟೆ ಇಡುತ್ತದೆ. ಮುಂದಿನ ದೊಡ್ಡ ಉಬ್ಬರದವರೆಗೆ ಮೊಟ್ಟೆಗಳು ನೀರಿಲ್ಲದೆ ಕಾಯುತ್ತವೆ, ನೀರು ಮುಟ್ಟಿದ ಮೇಲೆ ಒಡೆಯುತ್ತವೆ. ಇಷ್ಟು ಗಟ್ಟಿ ಜೀವ ಇರುವುದರಿಂದಲೋ ಏನೋ, 1973ರಲ್ಲಿ ಇದನ್ನು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಕಳಿಸಿದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮೀನು ಇದೇ. ದೊಡ್ಡ ಮೀನುಗಳು ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದೆ ಸುತ್ತು ಹೊಡೆದವು. ಅಲ್ಲೇ ಮೊಟ್ಟೆಯೊಡೆದು ಬಂದ ಮರಿಗಳು ಹುಟ್ಟಿದ್ದೇ ಹಾಗೆ ಎನ್ನುವಂತೆ ನೆಟ್ಟಗೆ ಈಜಿದವು. ಅದರ ಬಗ್ಗೆ ಪೂರ್ತಿ ವಿಡಿಯೋ ಬೇಕಾದರೆ ಕಾಮೆಂಟ್‌ನಲ್ಲಿ ಹೇಳಿ. ಹುಳುವಿನ ಬಗ್ಗೆ ಎರಡನೇ ಭಾಗ ಮಾತ್ರ ಕೇಳಬೇಡಿ, ಮಾಡಿಬಿಡುತ್ತೇನೆ.